ಯಕೃತ್ ಪರೀಕ್ಷೆಗಳ ಅಸಹಜ ಫಲಿತಾಂಶ: ಕಾರಣಗಳ ಶೋಧನೆ

ರಕ್ತದಲ್ಲಿನ ಯಕೃತ್ ಕಿಣ್ವಗಳು, ಬಿಲಿರುಬಿನ್, ಆಲ್ಬುಮಿನ್ ಅಥವಾ ರಕ್ತ ಹೆಪ್ಪುಗಟ್ಟುವ ಕಾಲ ಸಹಜ ಮಿತಿಯ ಆಚೆಗೆ ಹೋದಾಗ, ಅದಕ್ಕೆ ಕಾರಣವಾದ ಕಾಯಿಲೆಯನ್ನು ಹಂತಹಂತವಾಗಿ ಗುರುತಿಸುವ ವೈದ್ಯಕೀಯ ಕ್ರಮವನ್ನು ಅಸಹಜ ಯಕೃತ್ ಪರೀಕ್ಷೆಗಳ ಕಾರಣ ಶೋಧನೆ ಎನ್ನುತ್ತಾರೆ. ಅಸಹಜ ಫಲಿತಾಂಶವೇ ರೋಗನಿರ್ಣಯವಲ್ಲ. ಅದು ಯಕೃತ್ತಿನಲ್ಲಿ, ಪಿತ್ತನಾಳಗಳಲ್ಲಿ ಅಥವಾ ದೇಹದ ಬೇರೆಡೆ ತೊಂದರೆ ಇರಬಹುದೆಂಬ ಸೂಚನೆ. ರೋಗಿಯ ವಿವರ, ದೇಹ ಪರೀಕ್ಷೆ, ಏರಿಕೆಯ ಮಾದರಿ, ಸೋಂಕು ಪರೀಕ್ಷೆಗಳು ಮತ್ತು ಅಲ್ಟ್ರಾಸೌಂಡ್ ಈ ಐದನ್ನು ಕೂಡಿಸಿ ನೋಡಿದಾಗ ಬಹುಪಾಲು ಕಾರಣಗಳು ತಿಳಿಯುತ್ತವೆ. ಈ ಲೇಖನ ಶೋಧನೆಯ ಸಾಮಾನ್ಯ ಕ್ರಮದ ಜೊತೆಗೆ ಬೀದರ್ ಜಿಲ್ಲೆಯ ಬಸವಕಲ್ಯಾಣ, ನಾರಾಯಣಪುರ, ಹುಮನಾಬಾದ್ ಭಾಗದಲ್ಲಿ ಹಾಗೂ ಒಟ್ಟಾರೆ ಕರ್ನಾಟಕದಲ್ಲಿ ಗಮನಿಸಬೇಕಾದ ಕಾರಣಗಳನ್ನೂ ಚಿಕಿತ್ಸಾ ವ್ಯವಸ್ಥೆಯನ್ನೂ ವಿವರಿಸುತ್ತದೆ.

ಪಾರಿಭಾಷಿಕ ಪದಗಳು

ಯಕೃತ್ತು ಎಂದರೆ ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬುಗಳ ಅಡಿಯಲ್ಲಿರುವ ದೊಡ್ಡ ಅಂಗ; ಪಿತ್ತಜನಕಾಂಗ, ಲಿವರ್ ಎಂದೂ ಹೆಸರು. ಅದರ ಅಡಿಯಲ್ಲಿ ಪಿತ್ತರಸವನ್ನು ಶೇಖರಿಸುವ ಸಣ್ಣ ಚೀಲ ಪಿತ್ತಕೋಶ. ಇವೆರಡೂ ಬೇರೆ ಬೇರೆ ಅಂಗಗಳು. ಯಕೃತ್ತಿನ ಜೀವಕೋಶಗಳಿಗೆ ಯಕೃತ್ಕೋಶಗಳೆಂದೂ ಪಿತ್ತರಸದ ಹರಿವು ನಿಲ್ಲುವುದಕ್ಕೆ ಪಿತ್ತಸ್ತಂಭವೆಂದೂ ಹಾನಿಗೊಂಡ ಜಾಗದಲ್ಲಿ ಗಾಯದ ಕಲೆಯ ಅಂಗಾಂಶ ಬೆಳೆಯುವುದಕ್ಕೆ ನಾರುಗಟ್ಟುವಿಕೆಯೆಂದೂ ಹೆಸರು. ನಾರುಗಟ್ಟುವಿಕೆ ಮುಂದುವರಿದು ಇಡೀ ಅಂಗ ಗಂಟುಗಂಟಾಗುವ ಸ್ಥಿತಿ ಸಿರೋಸಿಸ್. ಬಿಲಿರುಬಿನ್ ಹೆಚ್ಚಿ ಕಣ್ಣು, ಚರ್ಮ ಹಳದಿಯಾಗುವುದು ಕಾಮಾಲೆ. ಉತ್ತರ ಕರ್ನಾಟಕದಲ್ಲಿ ಕಾಮಣಿ ಎಂಬ ರೂಪ ಬಳಕೆಯಲ್ಲಿದೆ. ಕಾಮಾಲೆ ಒಂದು ಲಕ್ಷಣ, ಸ್ವತಂತ್ರ ಕಾಯಿಲೆಯಲ್ಲ. ಈ ಲೇಖನದಲ್ಲಿ ಮೇಲ್ಮಿತಿ ಎಂದರೆ ಆಯಾ ಪ್ರಯೋಗಾಲಯ ತನ್ನ ವರದಿಯಲ್ಲಿ ನಮೂದಿಸುವ ಸಹಜ ವ್ಯಾಪ್ತಿಯ ಗರಿಷ್ಠ ಅಂಕಿ.

ಇತಿಹಾಸ

ಬಿಲಿರುಬಿನ್ ಗುರುತಿಸುವ ಡಯಾಜೊ ಕ್ರಿಯೆಯನ್ನು ಪಾಲ್ ಎರ್ಲಿಕ್ 1883ರಲ್ಲಿ ವಿವರಿಸಿದರು. 1916ರಲ್ಲಿ ಡಚ್ ವೈದ್ಯ ವಾನ್ ಡೆನ್ ಬರ್ಗ್ ಮತ್ತು ಅವರ ಸಹೋದ್ಯೋಗಿ ಮುಲ್ಲರ್ ಬಿಲಿರುಬಿನ್ ನೇರ ಮತ್ತು ಪರೋಕ್ಷ ಎಂಬ ಎರಡು ಬಗೆಯಲ್ಲಿ ವರ್ತಿಸುವುದನ್ನು ತೋರಿಸಿದರು. ಇಂದಿನ ವರದಿಗಳಲ್ಲಿ ಕಾಣುವ ಡೈರೆಕ್ಟ್, ಇನ್‌ಡೈರೆಕ್ಟ್ ಬಿಲಿರುಬಿನ್ ವಿಭಾಗಕ್ಕೆ ಅದೇ ಮೂಲ. ಹೆಪ್ಪುಗಟ್ಟುವ ಕಾಲವನ್ನು ಅಳೆಯುವ ಪ್ರೋಥ್ರಾಂಬಿನ್ ಪರೀಕ್ಷೆಯನ್ನು ಆರ್ಮಂಡ್ ಕ್ವಿಕ್ 1935ರಲ್ಲಿ ರೂಪಿಸಿದರು. ಲಾಡ್ಯೂ, ವ್ರೊಬ್ಲೆವ್‌ಸ್ಕಿ ಮತ್ತು ಕಾರ್ಮೆನ್ 1954ರಲ್ಲಿ ಹೃದಯಾಘಾತದ ರೋಗಿಗಳ ರಕ್ತದಲ್ಲಿ ಎಸ್‌ಜಿಒಟಿ ಎಂಬ ಕಿಣ್ವ ಏರುವುದನ್ನು ವರದಿ ಮಾಡಿದರು. ಅದೇ ಕಿಣ್ವ ಯಕೃತ್ ಹಾನಿಯಲ್ಲೂ ಏರುತ್ತದೆಂದು ಅನತಿಕಾಲದಲ್ಲೇ ತಿಳಿದುಬಂತು. 1957ರಲ್ಲಿ ಇಟಲಿಯ ಫರ್ನಾಂಡೊ ಡಿ ರಿಟಿಸ್ ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿ ಎಂಬ ಎರಡು ಕಿಣ್ವಗಳ ಅನುಪಾತಕ್ಕೆ ರೋಗನಿರ್ಣಯದ ಬೆಲೆಯಿದೆಯೆಂದು ವಿವರಿಸಿದರು. 1958ರಲ್ಲಿ ಮೆಂಗಿನಿ ರೂಪಿಸಿದ ಸೂಜಿಯಿಂದ ಯಕೃತ್ ಬಯಾಪ್ಸಿ ಕ್ಷಣಮಾತ್ರದ ಕೆಲಸವಾಯಿತು.

ವೈರಸ್‌ಗಳ ಪತ್ತೆ ಶೋಧನೆಯ ಸ್ವರೂಪವನ್ನೇ ಬದಲಿಸಿತು. ಬರೂಕ್ ಬ್ಲೂಂಬರ್ಗ್ 1965ರಲ್ಲಿ ವರದಿ ಮಾಡಿದ ಆಸ್ಟ್ರೇಲಿಯಾ ಆಂಟಿಜೆನ್ ಹೆಪಟೈಟಿಸ್ ಬಿ ವೈರಸ್‌ನ ಹೊರಕವಚದ ಭಾಗವೆಂದು ಮುಂದೆ ಸಿದ್ಧವಾಯಿತು. ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ಬಂತು. 1989ರಲ್ಲಿ ಹೆಪಟೈಟಿಸ್ ಸಿ ವೈರಸ್ ಪತ್ತೆಯಾಯಿತು. ಈ ವೈರಸ್ ಕುರಿತ ಸಂಶೋಧನೆಗಾಗಿ ಹಾರ್ವಿ ಆಲ್ಟರ್, ಮೈಕೆಲ್ ಹಾಟನ್ ಮತ್ತು ಚಾರ್ಲ್ಸ್ ರೈಸ್ 2020ರ ನೊಬೆಲ್ ಪಡೆದರು. ದೆಹಲಿಯಲ್ಲಿ 1955–56ರಲ್ಲಿ ಕಲುಷಿತ ಕುಡಿಯುವ ನೀರಿನಿಂದ ಸುಮಾರು 29,000 ಮಂದಿಗೆ ಕಾಮಾಲೆ ತಂದ ಸಾಂಕ್ರಾಮಿಕವು, 1983ರಲ್ಲಿ ಮೊದಲ ಬಾರಿಗೆ ಗುರುತಿಸಲಾದ ಹೆಪಟೈಟಿಸ್ ಇ ವೈರಸ್‌ನದೆಂದು ತಡವಾಗಿ ತಿಳಿಯಿತು.

ಪರೀಕ್ಷೆಯ ಘಟಕಗಳು

ಪ್ರಯೋಗಾಲಯಗಳಲ್ಲಿ ಲಿವರ್ ಫಂಕ್ಷನ್ ಟೆಸ್ಟ್ ಅಥವಾ ಎಲ್‌ಎಫ್‌ಟಿ ಎಂಬ ಒಂದೇ ಹೆಸರಿನಲ್ಲಿ ಹಲವು ಅಳತೆಗಳಿರುತ್ತವೆ. ಅವುಗಳಲ್ಲಿ ಕೆಲವು ಹಾನಿಯನ್ನು, ಕೆಲವು ಪಿತ್ತರಸದ ಹರಿವನ್ನು, ಇನ್ನು ಕೆಲವು ಯಕೃತ್ತಿನ ಕಾರ್ಯಶಕ್ತಿಯನ್ನು ತೋರಿಸುತ್ತವೆ.

ಎಎಲ್‌ಟಿ, ಅಂದರೆ ಎಸ್‌ಜಿಪಿಟಿ, ಮುಖ್ಯವಾಗಿ ಯಕೃತ್ಕೋಶಗಳಲ್ಲಿರುವ ಕಿಣ್ವ. ಕೋಶಗಳಿಗೆ ಪೆಟ್ಟಾದಾಗ ಇದು ರಕ್ತಕ್ಕೆ ಸೋರುತ್ತದೆ. ಎಎಸ್‌ಟಿ, ಅಂದರೆ ಎಸ್‌ಜಿಒಟಿ, ಯಕೃತ್ತಿನ ಜೊತೆಗೆ ಹೃದಯ, ಮಾಂಸಖಂಡ ಮತ್ತು ಕೆಂಪು ರಕ್ತಕಣಗಳಲ್ಲೂ ಇದೆ. ಆದ್ದರಿಂದ ಎಎಲ್‌ಟಿ ಯಕೃತ್ತಿಗೆ ಹೆಚ್ಚು ನಿರ್ದಿಷ್ಟ. ಹಲವು ಪ್ರಯೋಗಾಲಯಗಳು 40 ಯುನಿಟ್‌ನ ಆಸುಪಾಸಿನಲ್ಲಿ ಮೇಲ್ಮಿತಿ ಇಡುತ್ತವೆ. ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿ 2017ರ ಮಾರ್ಗಸೂಚಿಯಲ್ಲಿ ಆರೋಗ್ಯವಂತ ಗಂಡಸರ ಎಎಲ್‌ಟಿಗೆ 29ರಿಂದ 33, ಹೆಂಗಸರಿಗೆ 19ರಿಂದ 25 ಎಂಬ ಇನ್ನೂ ಕಡಿಮೆ ಮೇಲ್ಮಿತಿಯನ್ನು ಸೂಚಿಸಿತು.

ಎಎಲ್‌ಪಿ, ಅಂದರೆ ಆಲ್ಕಲೈನ್ ಫಾಸ್ಫಟೇಸ್, ಪಿತ್ತನಾಳಗಳ ಒಳಪದರದಲ್ಲೂ ಮೂಳೆಯಲ್ಲೂ ಗರ್ಭಿಣಿಯರ ಮಾಸಿನಲ್ಲೂ ಇರುತ್ತದೆ. ಬೆಳೆಯುವ ಮಕ್ಕಳಲ್ಲಿ ಮತ್ತು ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಇದರ ಏರಿಕೆ ಸಹಜ. ಜಿಜಿಟಿ ಎಂಬ ಇನ್ನೊಂದು ಕಿಣ್ವ ಮೂಳೆಯಲ್ಲಿ ಇಲ್ಲದ ಕಾರಣ, ಎಎಲ್‌ಪಿ ಏರಿಕೆ ಯಕೃತ್ತಿನದೋ ಮೂಳೆಯದೋ ಎಂಬುದನ್ನು ಬಿಡಿಸಲು ನೆರವಾಗುತ್ತದೆ. ಮದ್ಯ ಮತ್ತು ಅಪಸ್ಮಾರದ ಕೆಲವು ಔಷಧಗಳು ಜಿಜಿಟಿಯನ್ನು ಏರಿಸುತ್ತವೆ.

ಬಿಲಿರುಬಿನ್ ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಹಳದಿ ವಸ್ತು. ಯಕೃತ್ತು ಅದನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಪಿತ್ತರಸಕ್ಕೆ ಬಿಡುತ್ತದೆ. ಮಾರ್ಪಡುವ ಮುಂಚಿನದು ಪರೋಕ್ಷ, ನಂತರದ್ದು ನೇರ. ಒಟ್ಟು ಬಿಲಿರುಬಿನ್ ಸಾಮಾನ್ಯವಾಗಿ ಡೆಸಿಲೀಟರಿಗೆ 1.2 ಮಿಲಿಗ್ರಾಂ ಒಳಗಿರುತ್ತದೆ, 2.5ರಿಂದ 3 ಮಿಲಿಗ್ರಾಂ ತಲುಪಿದಾಗ ಕಣ್ಣಿನ ಬಿಳಿಭಾಗದಲ್ಲಿ ಹಳದಿ ಕಾಣುತ್ತದೆ.

ಆಲ್ಬುಮಿನ್ ಮತ್ತು ಪ್ರೋಥ್ರಾಂಬಿನ್ ಕಾಲ ಯಕೃತ್ತಿನ ತಯಾರಿಕಾ ಶಕ್ತಿಯ ಅಳತೆಗಳು. ಆಲ್ಬುಮಿನ್‌ನ ಅರ್ಧಾಯುಷ್ಯ ಸುಮಾರು 20 ದಿನ. ಹೀಗಾಗಿ ಅದರ ಇಳಿಕೆ ದೀರ್ಘಕಾಲದ ಕಾಯಿಲೆಯನ್ನು ಸೂಚಿಸುತ್ತದೆ. ಹೆಪ್ಪುಗಟ್ಟಿಸುವ ಏಳನೆಯ ಅಂಶದ ಅರ್ಧಾಯುಷ್ಯ ಕೆಲವೇ ಗಂಟೆ. ಆದಕಾರಣ ಪ್ರೋಥ್ರಾಂಬಿನ್ ಕಾಲವನ್ನು ಅನುಪಾತವಾಗಿ ಹೇಳುವ ಐಎನ್‌ಆರ್‌ನ ಏರಿಕೆ ಹಠಾತ್ ವೈಫಲ್ಯದ ಮೊದಲ ಗುರುತಾಗುತ್ತದೆ. ಎಎಲ್‌ಟಿ ನೂರರಲ್ಲಿದ್ದರೂ ಐಎನ್‌ಆರ್ ಸಹಜವಾಗಿದ್ದರೆ ಅಪಾಯ ಕಡಿಮೆ. ಎಎಲ್‌ಟಿ ಇಳಿಯುತ್ತ ಐಎನ್‌ಆರ್ ಮತ್ತು ಬಿಲಿರುಬಿನ್ ಏರುತ್ತಿದ್ದರೆ ಅದು ಗಂಭೀರ, ಏಕೆಂದರೆ ಕಿಣ್ವ ಸೋರಲು ಕೋಶಗಳೇ ಉಳಿದಿಲ್ಲದಿರಬಹುದು. ಪ್ಲೇಟ್‌ಲೆಟ್ ಕಡಿಮೆಯಾಗುವುದು ಎಲ್‌ಎಫ್‌ಟಿಯ ಭಾಗವಲ್ಲದಿದ್ದರೂ ಸಿರೋಸಿಸ್ ಮತ್ತು ಗುಲ್ಮ ಹಿಗ್ಗುವಿಕೆಯ ಮುಖ್ಯ ಸುಳಿವು.

ಅಸಹಜತೆಯ ಮಾದರಿಗಳು

ಮೊದಲ ಪ್ರಶ್ನೆ ಯಾವ ಕಿಣ್ವ ಹೆಚ್ಚು ಏರಿದೆ ಎಂಬುದು. ಎಎಲ್‌ಟಿಯನ್ನು ಅದರ ಮೇಲ್ಮಿತಿಯಿಂದ, ಎಎಲ್‌ಪಿಯನ್ನು ಅದರ ಮೇಲ್ಮಿತಿಯಿಂದ ಭಾಗಿಸಿ, ಮೊದಲ ಭಾಗಲಬ್ಧವನ್ನು ಎರಡನೆಯದರಿಂದ ಭಾಗಿಸಿದರೆ ಆರ್ ಅನುಪಾತ ಸಿಗುತ್ತದೆ. ಎಎಲ್‌ಟಿ 320, ಮೇಲ್ಮಿತಿ 40; ಎಎಲ್‌ಪಿ 120, ಮೇಲ್ಮಿತಿ 120 ಆಗಿದ್ದರೆ ಅನುಪಾತ 8. ಅನುಪಾತ 5 ಅಥವಾ ಹೆಚ್ಚಿದ್ದರೆ ಯಕೃತ್ಕೋಶ ಹಾನಿಯ ಮಾದರಿ, 2 ಅಥವಾ ಕಡಿಮೆಯಿದ್ದರೆ ಪಿತ್ತಸ್ತಂಭದ ಮಾದರಿ, ನಡುವೆ ಇದ್ದರೆ ಮಿಶ್ರ ಮಾದರಿ. ಈ ಅನುಪಾತ ಮುಖ್ಯವಾಗಿ ಔಷಧಜನ್ಯ ಹಾನಿಯ ವರ್ಗೀಕರಣಕ್ಕೆ ರೂಪುಗೊಂಡಿದ್ದರೂ ಇತರ ಕಡೆಯೂ ದಾರಿ ತೋರುತ್ತದೆ.

ಎರಡನೆಯದು ಏರಿಕೆಯ ಪ್ರಮಾಣ. ಕೊಬ್ಬಿನ ಯಕೃತ್ತು, ದೀರ್ಘಕಾಲದ ಹೆಪಟೈಟಿಸ್ ಬಿ ಮತ್ತು ಸಿ ಸಾಮಾನ್ಯವಾಗಿ ಮೇಲ್ಮಿತಿಯ ಎರಡರಿಂದ ಐದು ಪಟ್ಟಿನೊಳಗೆ ಏರಿಸುತ್ತವೆ. 1,000 ದಾಟುವ ಎಎಲ್‌ಟಿಗೆ ಕಾರಣಗಳ ಪಟ್ಟಿ ಚಿಕ್ಕದು: ಹಠಾತ್ ವೈರಲ್ ಹೆಪಟೈಟಿಸ್, ಔಷಧ ಅಥವಾ ವಿಷದ ಹಾನಿ, ರಕ್ತಸಂಚಾರ ಕುಸಿದು ಯಕೃತ್ತಿಗೆ ಆಮ್ಲಜನಕ ತಪ್ಪುವುದು, ಕೆಲವೊಮ್ಮೆ ಸ್ವಪ್ರತಿರಕ್ಷಾ ಹೆಪಟೈಟಿಸ್ ಮತ್ತು ಪಿತ್ತನಾಳಕ್ಕೆ ದಿಢೀರ್ ಸಿಕ್ಕಿಬಿದ್ದ ಕಲ್ಲು.

ಮೂರನೆಯದು ಎಎಸ್‌ಟಿ ಮತ್ತು ಎಎಲ್‌ಟಿ ಅನುಪಾತ. ಎಎಸ್‌ಟಿ ಎಎಲ್‌ಟಿಯ ಎರಡು ಪಟ್ಟಿಗಿಂತ ಹೆಚ್ಚಿದ್ದು ಎರಡೂ ಸುಮಾರು 300ರ ಒಳಗಿದ್ದರೆ ಮದ್ಯದ ಹಾನಿಯ ಸಾಧ್ಯತೆ ಬಲವಾಗುತ್ತದೆ. ಸಿರೋಸಿಸ್ ಬೆಳೆದಂತೆ ಯಾವ ಕಾರಣದಲ್ಲೂ ಎಎಸ್‌ಟಿ ಎಎಲ್‌ಟಿಯನ್ನು ಮೀರಬಹುದು. ಡೆಂಗ್ಯೂನಲ್ಲಿಯೂ ಎಎಸ್‌ಟಿ ಹೆಚ್ಚು ಏರುತ್ತದೆ.

ಬಿಲಿರುಬಿನ್ ಒಂದೇ ಏರಿ, ಅದೂ ಪರೋಕ್ಷ ಬಗೆಯದಾಗಿದ್ದರೆ ರಕ್ತಕಣಗಳ ನಾಶ ಅಥವಾ ಗಿಲ್ಬರ್ಟ್ ಸ್ಥಿತಿ ಕಾರಣವಾಗಿರುತ್ತದೆ. ಗಿಲ್ಬರ್ಟ್ ಸ್ಥಿತಿ ಅನುವಂಶಿಕ, ನಿರುಪದ್ರವಿ. ಉಪವಾಸ, ಜ್ವರ, ದಣಿವಿನಲ್ಲಿ ಹಳದಿ ಹೆಚ್ಚಿ ತಾನಾಗಿಯೇ ಇಳಿಯುತ್ತದೆ. ಅದಕ್ಕೆ ಚಿಕಿತ್ಸೆ ಬೇಕಿಲ್ಲ.

ಶೋಧನೆಯ ಹಂತಗಳು

ವಿವರ ಕೇಳುವುದು: ಮದ್ಯದ ಪ್ರಮಾಣ ಮತ್ತು ವರ್ಷಗಳು, ಕಳೆದ ಆರು ತಿಂಗಳಲ್ಲಿ ಸೇವಿಸಿದ ಎಲ್ಲ ಔಷಧಗಳು, ನಾಟಿ ಮದ್ದು ಮತ್ತು ಬಲವರ್ಧಕ ಪುಡಿಗಳು, ರಕ್ತ ಪಡೆದ ಇತಿಹಾಸ, ಹಚ್ಚೆ, ಅಶುದ್ಧ ಸೂಜಿ, ಕುಟುಂಬದಲ್ಲಿ ಯಕೃತ್ ಕಾಯಿಲೆ, ಸಕ್ಕರೆ ಕಾಯಿಲೆ, ತೂಕದ ಏರಿಳಿತ, ತುರಿಕೆ, ಮೂತ್ರ ಮತ್ತು ಮಲದ ಬಣ್ಣ, ಮನೆಯ ಅಥವಾ ಓಣಿಯ ಇತರರಿಗೆ ಕಾಮಾಲೆ, ದನಕರು ಮತ್ತು ಕುರಿಗಳ ಒಡನಾಟ ಇವನ್ನು ದಾಖಲಿಸಬೇಕು. ಕುಡಿತದ ಅಂದಾಜಿಗೆ ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಆಡಿಟ್ ಪಟ್ಟಿ ಬಳಕೆಯಲ್ಲಿದೆ. ಬಸವಕಲ್ಯಾಣ, ಹುಮನಾಬಾದ್ ಭಾಗದಲ್ಲಿ ಕನ್ನಡದ ಜೊತೆ ಮರಾಠಿ, ತೆಲುಗು, ಉರ್ದು ಮಾತಾಡುವ ಕುಟುಂಬಗಳಿರುವುದರಿಂದ ರೋಗಿಯ ಮನೆಮಾತಿನಲ್ಲಿ ಕೇಳುವುದು ಅಗತ್ಯ.

ದೇಹ ಪರೀಕ್ಷೆ: ಕಾಮಾಲೆ, ತೂಕ ಮತ್ತು ಸೊಂಟದ ಸುತ್ತಳತೆ, ಎದೆ ಮತ್ತು ಭುಜದ ಮೇಲೆ ಜೇಡರಬಲೆಯಂಥ ರಕ್ತನಾಳಗಳು, ಕೆಂಪಾದ ಅಂಗೈ, ಯಕೃತ್ತು ಮತ್ತು ಗುಲ್ಮದ ಹಿಗ್ಗುವಿಕೆ, ಹೊಟ್ಟೆಯಲ್ಲಿ ನೀರು, ಕಾಲಿನ ಬಾವು, ಕೈ ನಡುಕ, ಗೊಂದಲ ಇವನ್ನು ನೋಡುತ್ತಾರೆ.

ಪುನಃ ಪರೀಕ್ಷೆ: ಮಾದರಿಯಲ್ಲಿ ಕೆಂಪು ರಕ್ತಕಣ ಒಡೆದಿದ್ದರೆ ಎಎಸ್‌ಟಿ ಸುಳ್ಳಾಗಿ ಏರುತ್ತದೆ. ಕಠಿಣ ವ್ಯಾಯಾಮ ಅಥವಾ ಮಾಂಸಖಂಡಕ್ಕೆ ಪೆಟ್ಟು ಸಹ ಅದನ್ನು ಏರಿಸುತ್ತದೆ. ಸಹಜ ವ್ಯಾಪ್ತಿಯನ್ನು ಆರೋಗ್ಯವಂತರ ಶೇ. 95ರಷ್ಟು ಜನರ ಅಳತೆಯಿಂದ ನಿಗದಿಪಡಿಸುವ ಕಾರಣ ಆರೋಗ್ಯವಂತರಲ್ಲೂ ಕೆಲವರು ಅದರಾಚೆ ಬೀಳುತ್ತಾರೆ. ಆದರೆ ಪರೀಕ್ಷೆ ಮತ್ತೆ ಮಾಡಿ ಸಹಜವಾಯಿತೆಂದು ಕಾರಣ ಹುಡುಕದೆ ಬಿಡಬಾರದೆಂದು ಬ್ರಿಟಿಷ್ ಸೊಸೈಟಿ ಆಫ್ ಗ್ಯಾಸ್ಟ್ರೋಎಂಟರಾಲಜಿಯ 2018ರ ಮಾರ್ಗಸೂಚಿ ಹೇಳುತ್ತದೆ. ಹೆಪಟೈಟಿಸ್ ಸಿ ಮತ್ತು ಕೊಬ್ಬಿನ ಯಕೃತ್ತಿನಲ್ಲಿ ಕಿಣ್ವಗಳು ಏರಿಳಿಯುತ್ತವೆ. ಅಸಹಜತೆಯ ಪ್ರಮಾಣಕ್ಕಿಂತ ಕಾರಣ ಮುಖ್ಯ ಎಂಬುದು ಆ ಮಾರ್ಗಸೂಚಿಯ ತಿರುಳು.

ಮೊದಲ ಸುತ್ತಿನ ಪರೀಕ್ಷೆಗಳು: ಸಂಪೂರ್ಣ ರಕ್ತಕಣ ಎಣಿಕೆ, ಐಎನ್‌ಆರ್, ರಕ್ತದ ಸಕ್ಕರೆ ಮತ್ತು ಕೊಬ್ಬು, ಹೆಪಟೈಟಿಸ್ ಬಿ ಸರ್ಫೇಸ್ ಆಂಟಿಜೆನ್, ಹೆಪಟೈಟಿಸ್ ಸಿ ಪ್ರತಿಕಾಯ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್. ಹಠಾತ್ ಕಾಮಾಲೆಯಲ್ಲಿ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳ ಐಜಿಎಂ ಪ್ರತಿಕಾಯ ಪರೀಕ್ಷೆ ಸೇರುತ್ತದೆ. ಅಲ್ಟ್ರಾಸೌಂಡ್ ಕೊಬ್ಬು, ಗಡ್ಡೆ, ಕೀವುಗಡ್ಡೆ, ಪಿತ್ತಕಲ್ಲು, ಹಿಗ್ಗಿದ ಪಿತ್ತನಾಳ ಮತ್ತು ಗುಲ್ಮದ ಗಾತ್ರವನ್ನು ತೋರಿಸುತ್ತದೆ.

ಎರಡನೆಯ ಸುತ್ತಿನ ಪರೀಕ್ಷೆಗಳು: ಮೊದಲ ಸುತ್ತಿನಲ್ಲಿ ಕಾರಣ ಸಿಗದಿದ್ದರೆ ಸ್ವಪ್ರತಿರಕ್ಷಾ ಪ್ರತಿಕಾಯಗಳು ಮತ್ತು ಇಮ್ಯುನೊಗ್ಲಾಬ್ಯುಲಿನ್, ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, 40 ವರ್ಷದ ಒಳಗಿನವರಲ್ಲಿ ಸೆರುಲೋಪ್ಲಾಸ್ಮಿನ್, ಥೈರಾಯ್ಡ್, ಸೀಲಿಯಾಕ್ ಕಾಯಿಲೆಯ ಪ್ರತಿಕಾಯ ಪರೀಕ್ಷೆ ಮಾಡುತ್ತಾರೆ. ಎಎಸ್‌ಟಿ ಮಾತ್ರ ಏರಿದ್ದರೆ ಮಾಂಸಖಂಡದ ಸಿಪಿಕೆ ಕಿಣ್ವ ಪರೀಕ್ಷಿಸಬೇಕು. ಪಿತ್ತನಾಳಗಳು ಹಿಗ್ಗಿದ್ದರೆ ಎಂಆರ್‌ಸಿಪಿ ಚಿತ್ರಣ, ಅಡಚಣೆ ತೆಗೆಯಲು ಇಆರ್‌ಸಿಪಿ. ಇಷ್ಟಾದರೂ ಕಾರಣ ಸಿಗದ ಅಥವಾ ಎರಡು ಕಾರಣಗಳ ನಡುವೆ ತೀರ್ಮಾನಿಸಬೇಕಾದ ಪ್ರಕರಣಗಳಲ್ಲಿ ಬಯಾಪ್ಸಿ ನಿರ್ಣಾಯಕ.

ಮುಖ್ಯ ಕಾರಣಗಳು

ವೈರಲ್ ಹೆಪಟೈಟಿಸ್: ಎ ಮತ್ತು ಇ ವೈರಸ್‌ಗಳು ಮಲದಿಂದ ಕಲುಷಿತವಾದ ನೀರು, ಆಹಾರದ ಮೂಲಕ ಹರಡುತ್ತವೆ. ಬಾವಿ, ಕೊಳವೆಬಾವಿ ಮತ್ತು ಪೈಪಿನ ನೀರಿನ ಮೂಲಗಳಿಗೆ ಚರಂಡಿ ಸೇರಿದಾಗ ಒಂದೇ ಊರಿನ ಹಲವು ಮನೆಗಳಲ್ಲಿ ಏಕಕಾಲಕ್ಕೆ ಕಾಮಾಲೆ ಕಾಣುತ್ತದೆ. ಆಗ ರೋಗಿಯ ಚಿಕಿತ್ಸೆಯಷ್ಟೇ ನೀರಿನ ಪರೀಕ್ಷೆ ಅಗತ್ಯ. ಬಿ ಮತ್ತು ಸಿ ವೈರಸ್‌ಗಳು ರಕ್ತ, ಸೂಜಿ, ಲೈಂಗಿಕ ಸಂಪರ್ಕ ಮತ್ತು ತಾಯಿಯಿಂದ ಮಗುವಿಗೆ ಹರಡುತ್ತವೆ. ಈ ಪೈಕಿ ಲೈಂಗಿಕ ಸಂಪರ್ಕ ಮತ್ತು ತಾಯಿಯಿಂದ ಹರಡುವಿಕೆ ಬಿ ವೈರಸ್‌ನಲ್ಲಿ ಹೆಚ್ಚು. ಸರ್ಫೇಸ್ ಆಂಟಿಜೆನ್ ಆರು ತಿಂಗಳಿಗೂ ಮೀರಿ ಉಳಿದರೆ ಅದು ದೀರ್ಘಕಾಲದ ಹೆಪಟೈಟಿಸ್ ಬಿ. ಸಿ ಪ್ರತಿಕಾಯ ಕಂಡುಬಂದರೆ ಸೋಂಕು ಈಗಲೂ ಇದೆಯೇ ಎಂದು ಆರ್‌ಎನ್‌ಎ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಭಾರತದಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು 2002ರಲ್ಲಿ ಪ್ರಾಯೋಗಿಕವಾಗಿ, 2011ರಿಂದ ದೇಶಾದ್ಯಂತ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ನೀಡಲಾಗುತ್ತಿದೆ. ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಕೊಡಬೇಕು.

ಮದ್ಯ: ಕರ್ನಾಟಕದಲ್ಲಿ ಸಾರಾಯಿ ಮಾರಾಟವನ್ನು 1 ಜುಲೈ 2007ರಿಂದ ನಿಷೇಧಿಸಲಾಯಿತು, ಇತರ ಮದ್ಯಗಳ ಮಾರಾಟ ಮುಂದುವರಿದಿದೆ. ಮದ್ಯದ ಹಾನಿ ಕೊಬ್ಬು ಶೇಖರಣೆಯಿಂದ ಆರಂಭವಾಗಿ ಹೆಪಟೈಟಿಸ್, ಸಿರೋಸಿಸ್‌ಗೆ ಬೆಳೆಯುತ್ತದೆ. ಮೊದಲ ಹಂತದಲ್ಲಿ ಕುಡಿತ ಪೂರ್ಣ ಬಿಟ್ಟರೆ ಯಕೃತ್ತು ಚೇತರಿಸಿಕೊಳ್ಳುತ್ತದೆ. ಎಎಸ್‌ಟಿ ಪ್ರಧಾನ ಏರಿಕೆ, ಜಿಜಿಟಿ ಏರಿಕೆ ಮತ್ತು ಕೆಂಪು ರಕ್ತಕಣಗಳ ಗಾತ್ರ ಹಿಗ್ಗುವುದು ಮೂರೂ ಕೂಡಿ ಬಂದರೆ ಮದ್ಯದ ಕಡೆ ಗಮನ ಹರಿಸಬೇಕು.

ಕೊಬ್ಬಿನ ಯಕೃತ್ತು: ಸ್ಥೂಲಕಾಯ, ಎರಡನೆಯ ವಿಧದ ಮಧುಮೇಹ, ಅಧಿಕ ಟ್ರೈಗ್ಲಿಸರೈಡ್ ಮತ್ತು ರಕ್ತದೊತ್ತಡದ ಜೊತೆ ಬರುವ ಈ ಸ್ಥಿತಿಗೆ 2023ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಒಮ್ಮತದಿಂದ ಎಂಎಎಸ್‌ಎಲ್‌ಡಿ ಎಂಬ ಹೊಸ ಹೆಸರು ಬಂತು, ಅದಕ್ಕೆ ಮೊದಲು ಎನ್‌ಎಎಫ್‌ಎಲ್‌ಡಿ ಎನ್ನುತ್ತಿದ್ದರು. ಭಾರತೀಯರಲ್ಲಿ ಕಡಿಮೆ ತೂಕದಲ್ಲೇ ಹೊಟ್ಟೆಯ ಕೊಬ್ಬು ಶೇಖರಗೊಳ್ಳುವುದರಿಂದ ಬಿಎಂಐ 23ರಿಂದಲೇ ಅಧಿಕ ತೂಕ, 25ರಿಂದ ಸ್ಥೂಲಕಾಯ ಎಂದು ಪರಿಗಣಿಸಲಾಗುತ್ತದೆ. ಸೊಂಟದ ಸುತ್ತಳತೆಯ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್. ಕಿಣ್ವಗಳು ಸಹಜವಾಗಿದ್ದರೂ ಈ ಕಾಯಿಲೆ ಇರಬಹುದು. 2021ರ ಫೆಬ್ರುವರಿಯಲ್ಲಿ ಭಾರತ ಸರ್ಕಾರ ಇದನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ಔಷಧಗಳು: ಭಾರತದಲ್ಲಿ ಔಷಧಜನ್ಯ ಯಕೃತ್ ಹಾನಿಗೆ ಪ್ರಮುಖ ಕಾರಣ ಕ್ಷಯರೋಗದ ಮಾತ್ರೆಗಳಾದ ಐಸೋನಿಯಾಜಿಡ್, ರಿಫಾಂಪಿಸಿನ್ ಮತ್ತು ಪೈರಾಜಿನಮೈಡ್. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಹರ್ಷದ್ ದೇವರಭಾವಿ ಮತ್ತು ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ 313 ರೋಗಿಗಳ ಅಧ್ಯಯನದಲ್ಲಿ ಶೇ. 58ರಷ್ಟು ಪ್ರಕರಣಗಳಿಗೆ ಕ್ಷಯದ ಔಷಧಗಳು ಕಾರಣವಾಗಿದ್ದವು. ಒಟ್ಟು ಮರಣ ಪ್ರಮಾಣ ಶೇ. 17.3. ಅಪಸ್ಮಾರದ ಔಷಧಗಳು ಮತ್ತು ಡ್ಯಾಪ್ಸೋನ್ ಸಹ ಆ ಪಟ್ಟಿಯಲ್ಲಿದ್ದವು. ಲಕ್ಷಣಗಳೊಂದಿಗೆ ಎಎಲ್‌ಟಿ ಮೇಲ್ಮಿತಿಯ ಮೂರು ಪಟ್ಟು, ಲಕ್ಷಣಗಳಿಲ್ಲದೆ ಐದು ಪಟ್ಟು ದಾಟಿದರೆ ಕ್ಷಯದ ಹಾನಿಕಾರಕ ಔಷಧಗಳನ್ನು ವೈದ್ಯರು ನಿಲ್ಲಿಸಿ, ಯಕೃತ್ತು ಚೇತರಿಸಿದ ಮೇಲೆ ಒಂದೊಂದಾಗಿ ಪುನಃ ಆರಂಭಿಸುತ್ತಾರೆ. ರೋಗಿ ತಾನೇ ನಿಲ್ಲಿಸಿದರೆ ಔಷಧ ನಿರೋಧಕ ಕ್ಷಯದ ಅಪಾಯವಿದೆ. ಔಷಧದಿಂದ ಎಎಲ್‌ಟಿ ಮೂರು ಪಟ್ಟು, ಬಿಲಿರುಬಿನ್ ಎರಡು ಪಟ್ಟು ದಾಟಿ ಬೇರೆ ಕಾರಣವಿಲ್ಲದಿದ್ದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಸಾವು ಅಥವಾ ಕಸಿಯ ಅಪಾಯವಿದೆಯೆಂಬುದು ಹೈಮನ್ ಜಿಮ್ಮರ್‌ಮನ್ ಹೆಸರಿನ ಹೈ ನಿಯಮ.

ಗಿಡಮೂಲಿಕೆ ಮತ್ತು ನಾಟಿ ಮದ್ದು: ಕಾಮಾಲೆಗೆ ನೆಲನೆಲ್ಲಿ ಕೊಡುವ ರೂಢಿ ಕರ್ನಾಟಕದಲ್ಲಿ ವ್ಯಾಪಕ. ಮದ್ರಾಸಿನ ತ್ಯಾಗರಾಜನ್ ಮತ್ತು ಬ್ಲೂಂಬರ್ಗ್ ಮೊದಲಾದವರು 1988ರಲ್ಲಿ ಹೆಪಟೈಟಿಸ್ ಬಿ ರೋಗಿಗಳಲ್ಲಿ ಇದರ ಉಪಯೋಗ ವರದಿ ಮಾಡಿದ್ದರು. ನಂತರದ ಪ್ರಯೋಗಗಳು ಅದನ್ನು ದೃಢಪಡಿಸಲಿಲ್ಲ. ಹೆಪಟೈಟಿಸ್ ಎ ಮತ್ತು ಇ ಬಹುಪಾಲು ತಾವಾಗಿಯೇ ವಾಸಿಯಾಗುವುದರಿಂದ ಮದ್ದಿನ ಪರಿಣಾಮವನ್ನು ಬೇರ್ಪಡಿಸುವುದು ಕಷ್ಟ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಸೇವನೆಗೆ ಸಂಬಂಧಿಸಿದ ಯಕೃತ್ ಹಾನಿಯ 43 ಪ್ರಕರಣಗಳನ್ನು ಭಾರತದ ಹಲವು ಕೇಂದ್ರಗಳ ವೈದ್ಯರು ವರದಿ ಮಾಡಿದರು. ಹಲವರಲ್ಲಿ ಸ್ವಪ್ರತಿರಕ್ಷಾ ಹೆಪಟೈಟಿಸ್‌ನ ಲಕ್ಷಣಗಳಿದ್ದವು. ಆಯುಷ್ ಸಚಿವಾಲಯ ಇಂಥ ವರದಿಗಳನ್ನು ಒಪ್ಪಲಿಲ್ಲ. ಸೀಸ, ಪಾದರಸ ಸೇರಿದ ಭಸ್ಮಗಳೂ ಶೋಧನೆಯ ವ್ಯಾಪ್ತಿಯಲ್ಲಿ ಬರುತ್ತವೆ. ಕಾಮಾಲೆಗೆ ಬರೆ ಹಾಕುವುದರಿಂದ ಸುಟ್ಟಗಾಯ ಮತ್ತು ಸೋಂಕು ಉಂಟಾಗುತ್ತದೆ. ಅದಕ್ಕೆ ಚಿಕಿತ್ಸಾ ಬೆಲೆಯಿಲ್ಲ.

ವಿಷಗಳು: ಇಲಿ ಪಾಷಾಣದ ಹಳದಿ ರಂಜಕ ದಕ್ಷಿಣ ಭಾರತದಲ್ಲಿ ಹಠಾತ್ ಯಕೃತ್ ವೈಫಲ್ಯದ ಮುಖ್ಯ ಕಾರಣಗಳಲ್ಲಿ ಒಂದು. ಸೇವಿಸಿದ ಮೊದಲ ಒಂದೆರಡು ದಿನ ರೋಗಿ ಚೆನ್ನಾಗಿರುವಂತೆ ಕಂಡರೂ ನಂತರ ಯಕೃತ್ತು ಕುಸಿಯುತ್ತದೆ. ಆದ್ದರಿಂದ ಲಕ್ಷಣವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಅಧಿಕ ಪ್ಯಾರಾಸಿಟಮಾಲ್‌ನ ಹಾನಿಗೆ ಎನ್-ಅಸಿಟೈಲ್‌ಸಿಸ್ಟೀನ್ ಪ್ರತಿವಿಷವಿದ್ದು ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಮಾನಸಿಕ ಸಂಕಟದಲ್ಲಿರುವವರಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲಿಯೂ ಲಭ್ಯವಿದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ತೇವದಲ್ಲಿಟ್ಟ ಮೆಕ್ಕೆಜೋಳ, ಶೇಂಗಾಗಳಲ್ಲಿ ಬೆಳೆಯುವ ಬೂಷ್ಟಿನ ಅಫ್ಲಾಟಾಕ್ಸಿನ್ ಕೂಡ ಯಕೃತ್ ವಿಷ. 1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿಯ ಬುಡಕಟ್ಟು ಪ್ರದೇಶದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ಸತ್ತರು.

ಇತರ ಸೋಂಕುಗಳು: ಡೆಂಗ್ಯೂ, ಮಲೇರಿಯಾ, ಟೈಫಾಯ್ಡ್, ಇಲಿಜ್ವರ ಮತ್ತು ಸ್ಕ್ರಬ್ ಟೈಫಸ್‌ಗಳಲ್ಲಿ ಜ್ವರದ ಜೊತೆ ಕಿಣ್ವಗಳು ಏರುತ್ತವೆ. ಮಲೆನಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯಲ್ಲೂ ಹೀಗಾಗುತ್ತದೆ. ಅಮೀಬಾ ಕೀವುಗಡ್ಡೆ ಯುವ ಗಂಡಸರಲ್ಲಿ, ಅದರಲ್ಲೂ ಮದ್ಯ ಮತ್ತು ಸೇಂದಿ ಕುಡಿಯುವವರಲ್ಲಿ ಹೆಚ್ಚು. ಜ್ವರ, ಬಲಪಕ್ಕೆಯ ನೋವು, ಎಎಲ್‌ಪಿ ಏರಿಕೆ ಅದರ ಗುರುತು. ಕುರಿ, ಮೇಕೆ, ದನ ಸಾಕುವವರಲ್ಲಿ, ಕಾಯಿಸದ ಹಾಲು ಕುಡಿಯುವವರಲ್ಲಿ ಬ್ರುಸೆಲ್ಲೋಸಿಸ್ ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು, ಅಲ್ಪ ಪ್ರಮಾಣದ ಕಿಣ್ವ ಏರಿಕೆಯನ್ನು ತರುತ್ತದೆ. ವಿಜಯಪುರದ ವೈದ್ಯರು ಉತ್ತರ ಕರ್ನಾಟಕದಲ್ಲಿ ಇದರ ಅನೇಕ ಪ್ರಕರಣಗಳನ್ನು ದಾಖಲಿಸಿದ್ದಾರೆ. ಹೈನುಗಾರಿಕೆ ಮತ್ತು ಕುರಿ ಸಾಕಣೆ ಇರುವ ಬೀದರ್ ಜಿಲ್ಲೆಯಲ್ಲಿಯೂ ಈ ಪ್ರಶ್ನೆ ಕೇಳಬೇಕಾದದ್ದೇ. ನಾಯಿ ಮತ್ತು ಕುರಿಗಳ ನಡುವೆ ಸುತ್ತುವ ಲಾಡಿಹುಳುವಿನಿಂದ ಯಕೃತ್ತಿನಲ್ಲಿ ಹೈಡಾಟಿಡ್ ನೀರುಗುಳ್ಳೆ ಬೆಳೆಯುತ್ತದೆ.

ಅನುವಂಶಿಕ ಕಾರಣಗಳು: ತಾಮ್ರ ಶೇಖರಣೆಯ ವಿಲ್ಸನ್ ಕಾಯಿಲೆಯನ್ನು 1912ರಲ್ಲಿ ವಿವರಿಸಲಾಯಿತು, ಅದರ ಎಟಿಪಿ7ಬಿ ಜೀನ್ 1993ರಲ್ಲಿ ಪತ್ತೆಯಾಯಿತು. ತಂದೆತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಬಂದಾಗ ಮಾತ್ರ ಕಾಯಿಲೆ ಕಾಣುವುದರಿಂದ ಸೋದರಮಾವ, ಅತ್ತೆಮಕ್ಕಳ ಸಂಬಂಧದ ಮದುವೆಗಳಲ್ಲಿ ಅಪಾಯ ಹೆಚ್ಚು. ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ಕಂಡ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಸೆರುಲೋಪ್ಲಾಸ್ಮಿನ್ ಇಳಿಕೆ, 24 ಗಂಟೆಯ ಮೂತ್ರದಲ್ಲಿ ತಾಮ್ರ, ಕಣ್ಣಿನ ಕಾರ್ನಿಯಾದಲ್ಲಿ ಕಂದು ಉಂಗುರ ಇದರ ಗುರುತು. ಪೆನಿಸಿಲಮೈನ್, ಟ್ರೈಯೆಂಟೀನ್, ಸತುವಿನ ಲವಣ ಇದರ ಔಷಧಗಳು. ಒಬ್ಬರಲ್ಲಿ ಪತ್ತೆಯಾದರೆ ಒಡಹುಟ್ಟಿದವರೆಲ್ಲರನ್ನೂ ಪರೀಕ್ಷಿಸಬೇಕು.

ಸ್ವಪ್ರತಿರಕ್ಷಾ ಮತ್ತು ಪಿತ್ತನಾಳದ ಕಾಯಿಲೆಗಳು: ಸ್ವಪ್ರತಿರಕ್ಷಾ ಹೆಪಟೈಟಿಸ್ ಹೆಂಗಸರಲ್ಲಿ ಹೆಚ್ಚು, ಐಜಿಜಿ ಏರಿಕೆ, ಎಎನ್‌ಎ ಮತ್ತು ನಯಸ್ನಾಯು ಪ್ರತಿಕಾಯ ಅದರ ಸುಳಿವು, ಸ್ಟೀರಾಯ್ಡ್‌ಗೆ ಬಗ್ಗುತ್ತದೆ. ಪಿತ್ತಸ್ತಂಭದ ಮಾದರಿಯಲ್ಲಿ ನಾಳ ಹಿಗ್ಗಿದ್ದರೆ ಕಲ್ಲು, ಮೇದೋಜೀರಕ ಗ್ರಂಥಿಯ ಅಥವಾ ಪಿತ್ತನಾಳದ ಕ್ಯಾನ್ಸರ್; ಹಿಗ್ಗಿರದಿದ್ದರೆ ಔಷಧ, ಪ್ರಾಥಮಿಕ ಪಿತ್ತನಾಳಿಕಾ ಉರಿಯೂತ ಮುಂತಾದವನ್ನು ಪರಿಗಣಿಸುತ್ತಾರೆ.

ಯಕೃತ್ತಿನ ಹೊರಗಿನ ಕಾರಣಗಳು: ಹೃದಯ ವೈಫಲ್ಯ, ಥೈರಾಯ್ಡ್ ಕಾಯಿಲೆ, ಸೀಲಿಯಾಕ್, ಮಾಂಸಖಂಡದ ಕಾಯಿಲೆಗಳು ಕಿಣ್ವಗಳನ್ನು ಏರಿಸುತ್ತವೆ. ಚಿಕ್ಕ ಗಂಡುಮಕ್ಕಳಲ್ಲಿ ಡುಶೆನ್ ಸ್ನಾಯುಕ್ಷಯವನ್ನು ಯಕೃತ್ ಕಾಯಿಲೆಯೆಂದು ತಪ್ಪಾಗಿ ಭಾವಿಸುವುದುಂಟು. ಡಿ ಜೀವಸತ್ವದ ಕೊರತೆಯಿಂದ ಮೂಳೆ ಮೆದುವಾದಾಗ ಎಎಲ್‌ಪಿ ಮಾತ್ರ ಏರುತ್ತದೆ.

ನಾರುಗಟ್ಟುವಿಕೆಯ ಅಳತೆ

ಕಾರಣ ತಿಳಿದ ಮೇಲೆ ಹಾನಿ ಎಷ್ಟು ಮುಂದುವರಿದಿದೆ ಎಂಬುದು ಮುಂದಿನ ಪ್ರಶ್ನೆ. 2006ರಲ್ಲಿ ರೂಪುಗೊಂಡ ಫಿಬ್-4 ಸೂಚ್ಯಂಕಕ್ಕೆ ಮಾಮೂಲು ವರದಿಯ ಅಂಕಿಗಳೇ ಸಾಕು: ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ (ಸಾವಿರಗಳಲ್ಲಿ) ಮತ್ತು ಎಎಲ್‌ಟಿಯ ವರ್ಗಮೂಲದ ಗುಣಲಬ್ಧದಿಂದ ಭಾಗಿಸಬೇಕು. 50 ವರ್ಷ, ಎಎಸ್‌ಟಿ 60, ಎಎಲ್‌ಟಿ 64, ಪ್ಲೇಟ್‌ಲೆಟ್ 1.5 ಲಕ್ಷ ಇದ್ದರೆ 3,000 ಭಾಗಿಸು 1,200, ಅಂದರೆ 2.5. ಕೊಬ್ಬಿನ ಯಕೃತ್ತಿನಲ್ಲಿ 1.3ಕ್ಕಿಂತ ಕಡಿಮೆಯಿದ್ದರೆ ಮುಂದುವರಿದ ನಾರುಗಟ್ಟುವಿಕೆಯ ಸಾಧ್ಯತೆ ಕಡಿಮೆ, 2.67 ದಾಟಿದರೆ ಹೆಚ್ಚು. 65 ವರ್ಷ ಮೀರಿದವರಿಗೆ ಕೆಳಮಿತಿ 2. ನಡುವಿನ ಅಂಕಿ ಬಂದವರಿಗೆ 2003ರಿಂದ ಬಳಕೆಗೆ ಬಂದ ಫೈಬ್ರೋಸ್ಕ್ಯಾನ್ ಯಂತ್ರದಲ್ಲಿ ಯಕೃತ್ತಿನ ಗಡಸುತನ ಅಳೆಯುತ್ತಾರೆ. ಸಿರೋಸಿಸ್ ಖಚಿತವಾದವರಿಗೆ ಯಕೃತ್ ಕ್ಯಾನ್ಸರ್ ಬೇಗ ಪತ್ತೆಹಚ್ಚಲು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಬೇಕು.

ಗರ್ಭಿಣಿಯರು ಮತ್ತು ಮಕ್ಕಳು

ಗರ್ಭಿಣಿಯರಲ್ಲಿ ಹೆಪಟೈಟಿಸ್ ಇ, ವಿಶೇಷವಾಗಿ ಕೊನೆಯ ಮೂರು ತಿಂಗಳಲ್ಲಿ, ಮಾರಕವಾಗಬಲ್ಲದು. ಸಾವಿನ ಪ್ರಮಾಣ ಶೇ. 20ರಿಂದ 25ರವರೆಗೂ ವರದಿಯಾಗಿದೆ. ಅಂಗೈ, ಅಂಗಾಲಿನ ತುರಿಕೆ ಗರ್ಭಾವಸ್ಥೆಯ ಪಿತ್ತಸ್ತಂಭವನ್ನೂ ಅಧಿಕ ರಕ್ತದೊತ್ತಡದ ಜೊತೆ ಪ್ಲೇಟ್‌ಲೆಟ್ ಇಳಿಕೆ ಹೆಲ್ಪ್ ಸಿಂಡ್ರೋಮನ್ನೂ ಸೂಚಿಸುತ್ತದೆ. ನವಜಾತ ಶಿಶುವಿನ ಕಾಮಾಲೆ ಎರಡು ವಾರ ಮೀರಿದರೆ ನೇರ ಬಿಲಿರುಬಿನ್ ಪರೀಕ್ಷಿಸಲೇಬೇಕು. ಮಲ ಬಿಳಿಚಿಕೊಂಡು ಮೂತ್ರ ಗಾಢವಾಗಿದ್ದರೆ ಪಿತ್ತನಾಳ ಮುಚ್ಚಿಹೋದ ಬಿಲಿಯರಿ ಅಟ್ರೇಸಿಯಾ ಇರಬಹುದು. ಅದಕ್ಕೆ ಕಸಾಯಿ ಶಸ್ತ್ರಚಿಕಿತ್ಸೆ 60 ದಿನದೊಳಗೆ ನಡೆದರೆ ಫಲ ಉತ್ತಮ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹಾಲು ಕಾಯಿಸಿ ಇಡುತ್ತಿದ್ದ ಕಾಲದಲ್ಲಿ ಕಂಡುಬರುತ್ತಿದ್ದ ಭಾರತೀಯ ಬಾಲ ಸಿರೋಸಿಸ್ ಆ ರೂಢಿ ಮರೆಯಾದಂತೆ ಅಪರೂಪವಾಯಿತು. ಪುಣೆಯ ವೈದ್ಯರ ಅಧ್ಯಯನಗಳು ಈ ಸಂಬಂಧವನ್ನು ತೋರಿಸಿದವು.

ತುರ್ತು ಲಕ್ಷಣಗಳು

ಕಾಮಾಲೆಯ ಜೊತೆ ಗೊಂದಲ ಅಥವಾ ಅತಿನಿದ್ರೆ, ಐಎನ್‌ಆರ್ 1.5 ದಾಟುವುದು, ರಕ್ತ ವಾಂತಿ, ಕಪ್ಪು ಮಲ, ಹೊಟ್ಟೆ ನೀರು ತುಂಬಿ ಉಬ್ಬುವುದು, ಜ್ವರ ಚಳಿಯೊಂದಿಗೆ ಕಾಮಾಲೆ, ಗರ್ಭಿಣಿಯ ಕಾಮಾಲೆ ಮತ್ತು ಯಾವುದೇ ವಿಷ ಸೇವನೆ ಇವುಗಳಿಗೆ ಹಂತಹಂತದ ಹೊರರೋಗಿ ಶೋಧನೆ ಸಲ್ಲದು. ಕೂಡಲೇ ಆಸ್ಪತ್ರೆಯಲ್ಲಿ ದಾಖಲಿಸಬೇಕು.

ಬೀದರ್ ಜಿಲ್ಲೆ ಮತ್ತು ಕಲ್ಯಾಣ ಕರ್ನಾಟಕದ ವ್ಯವಸ್ಥೆ

ಕಲ್ಯಾಣ ಕರ್ನಾಟಕ ಎಂದರೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳು. ನಾರಾಯಣಪುರದಂಥ ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರ ಮೊದಲ ಮೆಟ್ಟಿಲು. ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕು ಆಸ್ಪತ್ರೆಗಳು ಮುಂದಿನವು. ಜಿಲ್ಲೆಯ ಬೋಧನಾ ಆಸ್ಪತ್ರೆ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಬ್ರಿಮ್ಸ್). ಕಲಬುರಗಿಯಲ್ಲಿ 1963ರಲ್ಲಿ ಆರಂಭವಾದ ಮಹದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು ಮತ್ತು ಸರ್ಕಾರಿ ಗುಲ್ಬರ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇವೆ. ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿ 65 ಹುಮನಾಬಾದಿನ ಮೂಲಕ ಹಾದುಹೋಗುವ ಕಾರಣ ಹೈದರಾಬಾದಿನ ಆಸ್ಪತ್ರೆಗಳೂ ಈ ಭಾಗದವರ ಕೈಗೆಟುಕುತ್ತವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ಜಠರ ಕರುಳು ಮತ್ತು ಅಂಗಾಂಗ ಕಸಿ ಸಂಸ್ಥೆಯಿದೆ. ಮೃತರ ಅಂಗದಾನದ ಹಂಚಿಕೆಯನ್ನು ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ನಡೆಸುತ್ತದೆ.

ಊರಿಂದ ಊರಿಗೆ ಹೋಗುವ ರೋಗಿ ಹಳೆಯ ವರದಿಗಳನ್ನೂ ಸೇವಿಸಿದ ಔಷಧಗಳ ಚೀಟಿಗಳನ್ನೂ ಒಯ್ಯುವುದು ಶೋಧನೆಯ ಭಾಗವೇ. ಏರಿಕೆ ಹೊಸದೋ ಹಳೆಯದೋ ಎಂಬುದು ಅವುಗಳಿಂದಲೇ ತಿಳಿಯುತ್ತದೆ. ರಕ್ತದ ಮಾದರಿಯನ್ನು ದೂರದ ಪ್ರಯೋಗಾಲಯಕ್ಕೆ ಕಳಿಸುವಾಗ ಬೇಗ ಸೀರಂ ಬೇರ್ಪಡಿಸಿ ತಂಪಿನಲ್ಲಿ ಇಡಬೇಕು.

ಈಗಿನ ಸ್ಥಿತಿ

ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 28 ಜುಲೈ 2018ರಂದು ಆರಂಭವಾಯಿತು. ಅದರಡಿ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಹಾಗೂ ಔಷಧ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತ. ಸೋಫೋಸ್ಬುವಿರ್, ಡಾಕ್ಲಾಟಾಸ್ವಿರ್ ಮಾತ್ರೆಗಳಿಂದ ಹೆಪಟೈಟಿಸ್ ಸಿ ಸಾಮಾನ್ಯವಾಗಿ 12 ವಾರಗಳಲ್ಲಿ ಗುಣವಾಗುತ್ತದೆ. ಹೆಪಟೈಟಿಸ್ ಬಿಗೆ ಟೆನೊಫೊವಿರ್ ದೀರ್ಘಕಾಲ ಬೇಕಾಗುತ್ತದೆ. 2030ರ ಹೊತ್ತಿಗೆ ಹೆಪಟೈಟಿಸ್ ಸಿ ನಿರ್ಮೂಲನೆ ಕಾರ್ಯಕ್ರಮದ ಗುರಿ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ರಕ್ಷಣೆ ನೀಡುತ್ತದೆ.

ಕೊಬ್ಬಿನ ಯಕೃತ್ತು ಮತ್ತು ಮದ್ಯದ ಹಾನಿ ಹೆಚ್ಚುತ್ತಿರುವ ಇಂದು ತಪಾಸಣಾ ಶಿಬಿರಗಳಲ್ಲಿ, ವಿಮೆ ಮತ್ತು ನೌಕರಿಯ ಪರೀಕ್ಷೆಗಳಲ್ಲಿ ಅಸಹಜ ಎಲ್‌ಎಫ್‌ಟಿ ಆಕಸ್ಮಿಕವಾಗಿ ಕಂಡುಬರುವುದು ಸಾಮಾನ್ಯ. ನೋವು, ಕಾಮಾಲೆ ಇಲ್ಲದೆಯೂ ಯಕೃತ್ ಕಾಯಿಲೆ ವರ್ಷಗಟ್ಟಲೆ ಬೆಳೆಯಬಲ್ಲದು. ಆದ್ದರಿಂದ ಏರಿಕೆ ಅಲ್ಪವಾಗಿದ್ದರೂ ಕಾರಣ ಗೊತ್ತಾಗುವವರೆಗೆ ಶೋಧನೆ ಮುಗಿದಂತಲ್ಲ. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಅಲ್ಟ್ರಾಸೌಂಡ್ ಮತ್ತು ಫಿಬ್-4 ಲೆಕ್ಕ ಈ ಮೂರು ತಾಲ್ಲೂಕು ಮಟ್ಟದಲ್ಲೇ ಆರಂಭಿಸಬಹುದಾದ ಮೊದಲ ಕ್ರಮಗಳು.